ಬೆಳಕಿನ ಮೇಸ್ತ್ರಿ

ಮಾನ್ವಿ, ರಾಯಚೂರು ಸೀಮೆಯ ಭತ್ತದ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯೂ ದೇವದುರ್ಗದ ಗದ್ದೆಗಳಿಗೆ ನಾರಾಯಣಪುರ ಬಲದಂಡೆ ಕಾಲುವೆಯೂ ನೀರುಣಿಸುತ್ತವೆ. ಆದರೆ ನೀರು ಹುಟ್ಟು ಸೋಮಾರಿಯಾದುದರಿಂದ ಗದ್ದೆಯಲ್ಲಿ ತಗ್ಗು ಕಂಡಲ್ಲಿ ಕುಳಿತುಬಿಡುತ್ತದೆ, ದಿಬ್ಬ ಕಂಡರೆ ಹತ್ತಲೊಲ್ಲದು. ಈ ಸೋಮಾರಿಯನ್ನು ತಿದ್ದಲು ಬಂದ ಮೇಸ್ತ್ರಿಯೇ ಲೇಸರ್ ಲೆವೆಲರ್.

ಮುಕ್ಕಾಲಿ ಸ್ಟ್ಯಾಂಡಿನ ಮೇಲೆ ಕೂರುವ ಪೆಟ್ಟಿಗೆಯಲ್ಲಿನ ಮಸೂರವು ಲೇಸರ್ ಕಿರಣವನ್ನು ದೂರದವರೆಗೂ ಚದುರದಂತೆ ಹದಗೊಳಿಸಿದರೆ, ಅದರ ಮೇಲಿನ ಪಟ್ಟಕ, ಅಂದರೆ ಬೆಳಕಿನ ದಾರಿಯನ್ನು ತಿರುಗಿಸುವ ಗಾಜಿನ ತುಂಡು, ಮೋಟಾರಿನ ಬಲದಿಂದ ನಿಮಿಷಕ್ಕೆ ನೂರಾರು ಸುತ್ತು ಸುತ್ತುತ್ತ, ಗದ್ದೆಯ ಮೇಲೆ ಕಣ್ಣಿಗೆ ಕಾಣದ ಸಮತಲವೊಂದನ್ನು ಹಾಸುತ್ತದೆ. ಟ್ರ್ಯಾಕ್ಟರಿನ ಹಿಂದಿನ ಬ್ಲೇಡಿಗೆ ನೆಟ್ಟ ಕಂಬದ ತುದಿಯಲ್ಲಿರುವ ಗ್ರಾಹಕವು ಕಿರಣ ತನ್ನ ನಡುವಿಗೆ ತಾಗಿತೋ, ಮೇಲೆ ಕೆಳಗೆ ಸರಿಯಿತೋ ಎಂದು ನೋಡಿ ವರದಿ ಒಪ್ಪಿಸುತ್ತದೆ. ಆ ವರದಿಯಂತೆ ವಿದ್ಯುತ್ ಕವಾಟವು ಹೈಡ್ರಾಲಿಕ್ ಎಣ್ಣೆಯನ್ನು ಹರಿಯಬಿಟ್ಟು ಬ್ಲೇಡನ್ನು ಏರಿಸಿ ಇಳಿಸುತ್ತದೆ. ವರದಿ ತಲುಪಿದ ಕ್ಷಣದಲ್ಲೇ ಕೆಲಸವಾಗುವ ಈ ವ್ಯವಸ್ಥೆಯು ತಾಲ್ಲೂಕು ಕಚೇರಿಗಳಿಗೆ ಅಲೆದವರಿಗೆ ಪವಾಡದಂತೆ ತೋರುವುದು ಸಹಜ.

ಈ ಕಿರಣಕ್ಕೆ ಬದುವಿನ ಭಯವಿಲ್ಲ. ಪಕ್ಕದವರ ಹೊಲದ ಮೇಲೆ ದಿನವಿಡೀ ಹಾಯ್ದರೂ ಪಂಚಾಯಿತಿ ಸೇರುವುದಿಲ್ಲ, ಸರ್ವೆಯವರನ್ನು ಕರೆಸಬೇಕಾಗಿಲ್ಲ. ಹೀಗೆ ಗದ್ದೆಯ ಮಟ್ಟವು ಒಂದೆರಡು ಸೆಂಟಿಮೀಟರಿನ ಅಂತರಕ್ಕೆ ಸರಿಯಾಯಿತೆಂದು ಕಾಲುವೆಯ ಕೊನೆಯಂಚಿನ ರೈತ ಹಿಗ್ಗುವಂತಿಲ್ಲ, ಏಕೆಂದರೆ ಮೇಲ್ಭಾಗದವರ ಆಸೆಯನ್ನು ಮಟ್ಟಮಾಡುವ ಯಂತ್ರ ಇನ್ನೂ ಬಾಡಿಗೆಗೆ ಸಿಗುತ್ತಿಲ್ಲ.