ಕಿವಿ ಬಿದ್ದ ಬೆಕ್ಕು

ಜುಲೈ ಮಳೆಗೆ ನಮ್ಮ ಸಾಸ್ತಾನದ ಕಡೆ ಎಲ್ಲಕ್ಕಿಂತ ಮೊದಲು ಕರಗುವುದು ಜಿಲ್ಲಾಧಿಕಾರಿಗಳ ಮನಸ್ಸು. ರಾತ್ರಿ ಊಟದ ಹೊತ್ತಿಗೆ ವಾಟ್ಸ್‌ಆ್ಯಪಿನಲ್ಲಿ ‘ನಾಳೆ ಅಂಗನವಾಡಿ, ಶಾಲೆಗಳಿಗೆ ರಜೆ’ ಎಂದು ಬಂತೋ, ಮಕ್ಕಳು ಕುಣಿಯುತ್ತವೆ, ತಾಯಂದಿರು ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾರೆ, ರಜೆಯ ಉಸ್ತುವಾರಿ ಸಚಿವನಾಗಿ ನನ್ನಂಥ ಅಜ್ಜಯ್ಯಂದಿರ ನೇಮಕವಾಗುತ್ತದೆ. ಅಂಗಳಕ್ಕೆ ಇಳಿಯುವಂತಿಲ್ಲ. ಮೊಬೈಲ್ ಕೊಡುವಂತಿಲ್ಲ ಎಂದು ಸೊಸೆಯ ಆಜ್ಞೆ. ಉಳಿದದ್ದು ಕಾಗದ.

ಮಗ ಬೆಂಗಳೂರಿನಿಂದ ತಂದುಕೊಟ್ಟ ಒರಿಗಾಮಿ (ಜಪಾನಿನ ಕಾಗದ ಮಡಚುವ ಕಲೆ) ಪುಸ್ತಕದ ಪ್ರಕಾರ ಕಾಗದ ಚೌಕವಾಗಿರಬೇಕು, ತೆಳ್ಳಗಿರಬೇಕು, ಒಂದು ಬದಿ ಬಣ್ಣ, ಇನ್ನೊಂದು ಬದಿ ಬಿಳಿ ಇರಬೇಕು. ಅಂಥದ್ದು ಸಾಸ್ತಾನ ಪೇಟೆಯಲ್ಲಿ ಎಲ್ಲಿ ಹುಡುಕುವುದು? ಆದರೆ ನಮ್ಮಲ್ಲಿ ಅದಕ್ಕಿಂತ ಒಳ್ಳೆಯ ಮಾಲಿದೆ, ಯಕ್ಷಗಾನದ ನೋಟೀಸು. ದೀಪಾವಳಿ ಕಳೆದು ಮೇಳಗಳು ಹೊರಟವೆಂದರೆ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಹರಕೆ ಬಯಲಾಟದ ನೋಟೀಸುಗಳಿಗೆ ಬರಗಾಲವಿಲ್ಲ. ಗುಲಾಬಿ, ಹಳದಿ, ತಿಳಿಹಸಿರು. ಒಂದೇ ಬದಿ ಅಚ್ಚು. ಜಪಾನಿನವರು ನೋಡಿದರೆ ಇಲ್ಲೇ ಒಂದು ಕಾರ್ಖಾನೆ ಹಾಕಿಯಾರು. ಕರ್ಣದ ಗುಂಟ ಮಡಚಿ, ಹೆಚ್ಚಾದ ಪಟ್ಟಿಯನ್ನು ಹರಿದರೆ ಚೌಕ ಸಿದ್ಧ. ಹರಿದ ಪಟ್ಟಿ ಹಾವಾಗುತ್ತದೆ; ಅದಕ್ಕೆ ಮಡಿಕೆಯೂ ಬೇಡ.

ಚಿಕ್ಕ ಮಕ್ಕಳ ಒರಿಗಾಮಿಯ ಗುಟ್ಟು ಇರುವುದೆಲ್ಲ ಕಿವಿಯಲ್ಲಿ. ಚೌಕವನ್ನು ಮೂಲೆಗೆ ಮೂಲೆ ಕೂಡಿಸಿ ತ್ರಿಕೋನ ಮಾಡಿ. ಎರಡು ಬದಿಯ ಮೂಲೆಗಳನ್ನು ಕೆಳಗೆ ಮಡಚಿದರೆ ನಾಯಿ, ಮೇಲಕ್ಕೆ ಮಡಚಿದರೆ ಬೆಕ್ಕು. ಕಣ್ಣು, ಮೂಗು ಪೆನ್ನಿನ ಕೆಲಸ. ದೇವರು ಇಷ್ಟು ಸುಲಭದಲ್ಲಿ ಎರಡು ಪ್ರಾಣಿ ಮಾಡಿರಲಿಕ್ಕಿಲ್ಲ. ನನ್ನ ನಾಯಿಯ ಎಡಗಿವಿಯಲ್ಲಿ ‘ಸರ್ವರಿಗೂ ಆದರದ ಸ್ವಾಗತ’ ಎಂದಿತ್ತು, ಬಲಗಿವಿಯಲ್ಲಿ ‘ಅನ್ನಸಂತರ್ಪಣೆ’. ಮೊಮ್ಮಗ ತಿರುಗಿಸಿ ಮುರುಗಿಸಿ ನೋಡಿದ.

“ಅಜ್ಜಯ್ಯ, ಇದ್ರ ಕಾಲೆಲ್ಲಿತ್?”

“ಅದು ಕಿಟಕಿಯಲ್ಲಿ ಇಣುಕುವ ನಾಯಿ ಮಗಾ.”

“ಕಿಟಕಿ ಎಲ್ಲಿತ್?”

ಈ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲ.

ಮೀನು ಮಾಡಿದಾಗ ಪಕ್ಕದ ಮನೆಯ ಹುಡುಗಿ ಪರೀಕ್ಷೆಗೆ ಕೂತಳು. ಅವಳ ಅಪ್ಪ ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಾದ್ದರಿಂದ ಅವರೂ ಮನೆಯಲ್ಲೇ ಬಲೆ ಹೆಣೆಯುತ್ತಾ ಇದ್ದರು. ನಾನು ‘ಬಂಗುಡೆ’ ಎಂದೆ. ಅವಳು ಬಾಲ ಹಿಡಿದೆತ್ತಿ, ಹೊಟ್ಟೆಯ ಅಗಲ ನೋಡಿ, “ಇದ್ ಮಾಂಜಿ” ಎಂದು ತೀರ್ಪು ಕೊಟ್ಟಳು. ಅವಳದ್ದೇ ಸರಿ. ಒರಿಗಾಮಿಯಲ್ಲಿ ತ್ರಿಕೋನದಿಂದ ಹುಟ್ಟುವ ಮೀನುಗಳೆಲ್ಲ ಮಾಂಜಿಯ ಜಾತಿಗೇ ಸೇರಿದವು. ಬಂಗುಡೆಯನ್ನು ಜಪಾನಿನವರೂ ಮಡಚಿ ತೋರಿಸಲಿ ನೋಡುವ. ಬೆಲೆ ವಿಚಾರಿಸಿದರೆ ನಿಷೇಧದ ಕಾಲದ ರೇಟು ಹೇಳಿದಳು.

ಸರ್ಕಾರದ ಕೆಲಸಕ್ಕೂ ಕಾಗದ ಮಡಚುವುದಕ್ಕೂ ಹಳೆಯ ನಂಟಿದೆ. ನಮ್ಮ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲಕ್ಕೆ, ಅದೇ ಪ್ರಾಂತ್ಯದ ಕಂದಾಯ ಇಲಾಖೆಯಲ್ಲಿ ಟಿ. ಸುಂದರ ರಾವ್ ಎಂಬ ಅಧಿಕಾರಿಯಿದ್ದರು. ಜರ್ಮನಿಯ ಫ್ರೋಬೆಲ್ ಶಿಶುವಿಹಾರದ ಮಕ್ಕಳಿಗೆಂದು ಇಟ್ಟ ಕಾಗದ ಮಡಚುವ ಆಟವನ್ನು ಕಂಡು, ಅದರಿಂದಲೇ ರೇಖಾಗಣಿತ ಕಲಿಸುವ ಪುಸ್ತಕ ಬರೆದು 1893ರಲ್ಲಿ ಮದ್ರಾಸಿನಲ್ಲಿ ಅಚ್ಚು ಹಾಕಿಸಿದರು. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಮೆಚ್ಚಿ ಹೆಸರಿಸಿದ ಮೇಲೆ 1901ರಲ್ಲಿ ಅಮೆರಿಕದಲ್ಲೂ ಮುದ್ರಣವಾಯಿತು. ಕಂದಾಯ ಇಲಾಖೆಯಲ್ಲಿ ಕಡತದ ಕಾಗದ ಮಡಚಿಟ್ಟವರು ಲೆಕ್ಕವಿಲ್ಲದಷ್ಟು. ಮಡಚಿ ಜಗತ್ತಿಗೆ ಗೊತ್ತಾದವರು ಇವರೊಬ್ಬರೇ ಇರಬೇಕು.

ನಮಗೇನೂ ಇದು ಹೊಸ ವಿದ್ಯೆಯಲ್ಲ. ನಮ್ಮ ಬಾಲ್ಯದಲ್ಲಿ ತೆಂಗಿನ ಗರಿಯೇ ಒರಿಗಾಮಿ: ಹಾವು, ಗಿಳಿ, ಪೀಪಿ, ಗಂಟೆ ತೋರಿಸದ ವಾಚು. ಹಲಸಿನ ಎಲೆಯ ಕೊಟ್ಟೆ ಕಟ್ಟುವ ನನ್ನ ಹೆಂಡತಿಯ ಬೆರಳುಗಳ ಮುಂದೆ ನನ್ನ ಬೆರಳುಗಳು ಇವತ್ತಿಗೂ ಅಂಗನವಾಡಿಯಲ್ಲೇ ಇವೆ. ಅವಳ ಕೊಟ್ಟೆಯಲ್ಲಿ ಹಿಟ್ಟು ನಿಲ್ಲುತ್ತದೆ. ನನ್ನ ಬೆಕ್ಕಿನಲ್ಲಿ ಕಿವಿಯೂ ನಿಲ್ಲುವುದಿಲ್ಲ.

ಅದಕ್ಕೆ ಕಾರಣ ನಾನಲ್ಲ, ಹವಾಮಾನ. ಮಳೆಗಾಲದಲ್ಲಿ ನಮ್ಮ ಮನೆಯ ಹಪ್ಪಳವೇ ಮೆತ್ತಗಾಗುತ್ತದೆ, ಇನ್ನು ಕಾಗದ ಎಷ್ಟರದ್ದು? ರಾತ್ರಿ ಸೆಟೆದು ನಿಂತಿದ್ದ ಬೆಕ್ಕಿನ ಕಿವಿಗಳು ಥಂಡಿ ಕುಡಿದು ಬೆಳಿಗ್ಗೆ ಜೋತುಬಿದ್ದಿದ್ದವು. ಮೊಮ್ಮಗ ಎದ್ದವನೇ, “ಅಜ್ಜಯ್ಯ, ಬೆಕ್ ನಾಯಿ ಆಯ್ತ್!” ಎಂದು ಕೇಕೆ ಹಾಕಿದ. ಅಕಿರಾ ಯೋಶಿಜಾವಾ ಎಂಬ ಜಪಾನಿ ಮಹಾಶಯರು (1911–2005) ದಪ್ಪ ಕಾಗದವನ್ನು ನೀರಿನಿಂದ ತೇವ ಮಾಡಿ ಮಡಚುವ ಕ್ರಮ ಕಂಡುಹಿಡಿದು, ಪ್ರಾಣಿಗಳಿಗೆ ಗೆರೆಗೆರೆ ಮೈಯ ಬದಲು ಗುಂಡುಗುಂಡಾದ ಮೈ ಕೊಟ್ಟು ಹೆಸರಾದರು. ಅವರು ಪಾಪ ನೀರನ್ನು ಹದವಾಗಿ ಸವರಬೇಕಿತ್ತು. ಸಾಸ್ತಾನದಲ್ಲಿ ಹುಟ್ಟಿದ್ದರೆ ಕಿಟಕಿ ತೆರೆದಿಟ್ಟರೆ ಸಾಕಿತ್ತು.

ಸೋಲದೆ ಉಳಿದದ್ದು ಕಪ್ಪೆ ಒಂದೇ. ಹಾರುವ ಕಪ್ಪೆಗೆ ನೋಟೀಸು ಆಗದು, ಬೆನ್ನು ಒತ್ತಿದರೆ ಚಿಮ್ಮುವಷ್ಟು ಬಿಗಿ ಬೇಕು. ಮೊಮ್ಮಗ ತನಗೆ ತಾನೇ ಸರಿಯಾದ ಸಾಮಾನು ಹುಡುಕಿದ: ಮೇಜಿನ ಮೇಲಿದ್ದ ಮದುವೆ ಕಾಗದ. ಅವನ ಅಮ್ಮಮ್ಮ, ಅಂದರೆ ನನ್ನ ಹೆಂಡತಿ, ಮೊದಲು ಗಣಪತಿಯನ್ನು ಕತ್ತರಿಸಿ ದೇವರ ಕೋಣೆಗೆ ಸೇರಿಸಿದಳು, ಉಳಿದದ್ದನ್ನು ಅವನಿಗೆ ಕೊಟ್ಟಳು. ಅಂಥ ಕಪ್ಪೆಯನ್ನು ನಾನು ಕಂಡಿಲ್ಲ. ಕೆಂಪು ನೆಲದಲ್ಲಿ ಚಂಗನೆ ಹಾರಿ ಬಾಗಿಲ ದಾರಂದದವರೆಗೆ ಹೋಯಿತು. ಗದ್ದೆಯ ಗೋಂಕ್ರು ಕಪ್ಪೆಗಳು ಹೊರಗಿನಿಂದ ಬೊಬ್ಬೆ ಹೊಡೆದವು.

ಮದುವೆಯ ದಿನ ರೇಷ್ಮೆ ಸೀರೆ ಉಟ್ಟು ಹೊರಟ ಅಮ್ಮಮ್ಮ ಕೇಳಿದಳು, “ಹಾಲ್ ಯಾವ್ದು? ಕೋಟದ್ದೋ, ಸಾಲಿಗ್ರಾಮದ್ದೋ?”

ಎಲ್ಲರೂ ಕಪ್ಪೆಯ ಕಡೆ ನೋಡಿದೆವು. ಮೊಮ್ಮಗ ಅದನ್ನು ಬೆನ್ನ ಹಿಂದೆ ಅಡಗಿಸಿದ. ಚಾಕಲೇಟಿನ ಮಾತುಕತೆ ನಡೆದು, ಕೊನೆಗೆ ಬಿಡಿಸಿದಾಗ ಮುಹೂರ್ತ ಬೆನ್ನಿನ ಮೇಲೂ ಸಭಾಭವನ ಹಿಂಗಾಲಿನ ತೊಡೆಯ ಸಂದಿನಲ್ಲೂ ಸಿಕ್ಕಿದವು. ಸಾಲಿಗ್ರಾಮವೇ. ಹೊಟ್ಟೆ ತುಂಬಾ ಊಟ ಮಾಡಿ ಬಂದೆವು. ಮೊಮ್ಮಗ ಮಾತ್ರ ವಧುವಿನ ಅಪ್ಪನ ಅಂಗಿ ಹಿಡಿದು ಕೇಳುತ್ತಿದ್ದ: “ಮದಿ ಕಾಗ್ದ ಇನ್ನೊಂದ್ ಇತ್ತಾ?”