ಆರು ಕೊಂಬಿನ ರೂಟರ್

ಆಂಟೆನಾ ಎಣಿಸಿ ರೂಟರ್ ಕೊಳ್ಳುವ ಪಂಗಡಕ್ಕೆ ಸೇರಿದವನು ನಾನು. ಎರಡಿದ್ದರೆ ಬಡವರದು, ನಾಲ್ಕಿದ್ದರೆ ಮಧ್ಯಮ ವರ್ಗದ್ದು, ಆರಿದ್ದರೆ ನಮ್ಮ ಘನತೆಗೆ ತಕ್ಕದ್ದು. ಇದು ನನ್ನ ಸ್ವಂತ ತಾಂತ್ರಿಕ ಸಿದ್ಧಾಂತ.

ಸಾಗರದ ನಮ್ಮ ಮನೆ ಅಜ್ಜ ಕಟ್ಟಿಸಿದ್ದು. ಹೆಂಚಿನ ಮಾಡು, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಇಂಟರ್ನೆಟ್ ಕಂಪನಿಯವರು ಫೈಬರ್ ಎಳೆದು, ಬಿಟ್ಟಿ ಡಬ್ಬಿಯೊಂದನ್ನು ಮುಂದಿನ ಕೋಣೆಯ ಕಬ್ಬಿಣದ ಬೀರುವಿನ ಮೇಲೆ ಕೂರಿಸಿ ಹೋಗಿದ್ದರು. ನನ್ನ ಆಫೀಸು ಹಿತ್ತಿಲ ಕಡೆಯ ಉಗ್ರಾಣದಲ್ಲಿ. ಉಳಿದ ಕಡೆಯೆಲ್ಲ ಅಮ್ಮನ ಧಾರಾವಾಹಿಯೂ ಮಗಳ ಆನ್‌ಲೈನ್ ಟ್ಯೂಷನ್ನೂ ಮೊದಲೇ ಬೀಡುಬಿಟ್ಟಿದ್ದವು. ಮೀಟಿಂಗಿನಲ್ಲಿ ನಾನು ಬಾಯಿ ತೆರೆದರೆ ಆ ಕಡೆಯವರಿಗೆ ಕೇಳುತ್ತಿದ್ದದ್ದು ಬರೀ ವ್ಯಂಜನಗಳು. ಕ್ಯಾಮೆರಾದ ಮಾತಂತೂ ದೂರವೇ ಉಳಿಯಿತು.

ಹೊಸ ರೂಟರ್ ಕೊಳ್ಳಲು ಹೋದೆ. ಅಂಗಡಿಯವನು ನನ್ನ ಮುಖ ನೋಡಿಯೇ ಆರು ಆಂಟೆನಾದ್ದನ್ನು ತೆಗೆದಿಟ್ಟ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 1200 ಎಂದಿತ್ತು. "ಸಾರ್, ಸಾವಿರದ ಇನ್ನೂರರ ಸ್ಪೀಡು!" ಎಂದ. 2.4 ಗಿಗಾಹರ್ಟ್ಸ್ ಬ್ಯಾಂಡಿನ 300 ಮೆಗಾಬಿಟ್, 5 ಗಿಗಾಹರ್ಟ್ಸ್ ಬ್ಯಾಂಡಿನ 867 ಮೆಗಾಬಿಟ್, ಎರಡನ್ನೂ ಕೂಡಿಸಿ ದುಂಡಗೆ ಮಾಡಿದರೆ ಈ 1200 ಬರುತ್ತದೆ. ಅಣ್ಣನ ಸಂಬಳ, ತಮ್ಮನ ಸಂಬಳ ಕೂಡಿಸಿ ಹೆಣ್ಣಿನ ಕಡೆಯವರಿಗೆ ಹೇಳಿದ ಹಾಗೆ. ನಮ್ಮ ಫೋನು ಮದುವೆಯಾಗುವುದು ಇಬ್ಬರಲ್ಲಿ ಒಬ್ಬನನ್ನೇ. ಸಾಲದ್ದಕ್ಕೆ, ಹಿಂದುಗಡೆ ತಂತಿ ಚುಚ್ಚುವ ಪೋರ್ಟಿನ ತಾಕತ್ತು ಬರೀ 100 ಎಂದು ಪೆಟ್ಟಿಗೆಯ ತಳದಲ್ಲಿ ಕನ್ನಡಕಕ್ಕೂ ಕಾಣದ ಅಕ್ಷರದಲ್ಲಿ ಬರೆದಿತ್ತು. ತಿಂಗಳು ತಿಂಗಳು ನಾನು ದುಡ್ಡು ಕಟ್ಟುತ್ತಿದ್ದದ್ದೋ, 50ರ ಪ್ಲಾನಿಗೆ.

ಮನೆಗೆ ತಂದ ಕೂಡಲೇ ಅಮ್ಮ ಅದಕ್ಕೆ ಅರಿಸಿನ ಕುಂಕುಮ ಇಟ್ಟಳು. ಹೆಂಡತಿ ದೂಳು ಕೂರದಿರಲೆಂದು ಕಸೂತಿ ಬಟ್ಟೆ ಹೊದಿಸಿದಳು. ನಾನು ಅದೇ ಬೀರುವಿನ ಮೇಲೆ ಅದನ್ನು ಪ್ರತಿಷ್ಠಾಪಿಸಿ, ಆರೂ ಆಂಟೆನಾಗಳ ತುದಿಯನ್ನು ಉಗ್ರಾಣದ ದಿಕ್ಕಿಗೆ ಗುರಿಯಿಟ್ಟೆ. ಫೋನಿನಲ್ಲಿ ಎರಡು ಹೆಸರು ಕಂಡವು. 2.4ಕ್ಕಿಂತ 5 ದೊಡ್ಡದೆಂದು ಮೂರನೇ ಕ್ಲಾಸಿನಲ್ಲೇ ಕಲಿತಿದ್ದರಿಂದ 5 ಗಿಗಾಹರ್ಟ್ಸಿನದನ್ನೇ ಒತ್ತಿದೆ. ಅದು ವೇಗದಲ್ಲಿ ಜೋರು, ಗೋಡೆ ದಾಟುವುದರಲ್ಲಿ ಸೋಮಾರಿ. ಅಜ್ಜನ ಎರಡನೇ ಗೋಡೆಯ ಹತ್ತಿರವೇ ಪ್ರಾಣ ಬಿಟ್ಟಿತು.

2.4ಕ್ಕೆ ಬಂದೆ. ಅದು ಹೇಗೋ ಏದುಸಿರು ಬಿಡುತ್ತ ಉಗ್ರಾಣ ಮುಟ್ಟಿತು. ಆದರೆ ಪಕ್ಕದ ಅಡುಗೆಮನೆಯಲ್ಲಿ ಹೆಂಡತಿ ಮೈಕ್ರೋವೇವಿನಲ್ಲಿ ಸಾರು ಬಿಸಿಮಾಡಿದಾಗಲೆಲ್ಲ ನಾನು ಮೂಕನಾಗುತ್ತಿದ್ದೆ. ಆ ಒಲೆ ಕೆಲಸ ಮಾಡುವುದೂ ಸುಮಾರು ಅದೇ 2.4ರ ಆಸುಪಾಸಿನಲ್ಲೇ. ಮೀಟಿಂಗ್ ಹೊತ್ತಿನಲ್ಲಿ ಸಾರು ಬಿಸಿಮಾಡಕೂಡದೆಂದು ಕಾನೂನು ಹೊರಡಿಸಿದೆ. ಕಾನೂನು ಮಧ್ಯಾಹ್ನದ ಊಟದವರೆಗೂ ಜಾರಿಯಲ್ಲಿತ್ತು.

ಕೊನೆಗೆ ಕಂಪನಿಯ ಹುಡುಗ ಬಂದ. ಬೀರು ನೋಡಿದ, ಕಸೂತಿ ನೋಡಿದ, ಆಂಟೆನಾ ನೋಡಿದ.

"ಸಾರ್, ಇವನ್ನೆಲ್ಲ ಹಿಂಗ್ಯಾಕೆ ಬಗ್ಗಿಸಿದೀರಿ?"

"ಸಿಗ್ನಲ್ ಆ ಕಡೆ ಹೋಗಲಿ ಅಂತ."

"ಸಿಗ್ನಲ್ಲು ಕಡ್ಡಿ ತುದಿಯಿಂದ ಬರಲ್ಲ ಸಾರ್, ಮೈಯಿಂದ ಸುತ್ತಲೂ ಹರಡ್ತದೆ. ತುದಿ ಯಾವ ಕಡೆ ಇರ್ತದೋ ಆ ಕಡೆಗೇ ಕಮ್ಮಿ."

ಆರು ಆಂಟೆನಾದ ಒಗ್ಗಟ್ಟಿನ ಶಕ್ತಿಯನ್ನೆಲ್ಲ ಬಳಸಿ ನಾನು ನನ್ನ ಉಗ್ರಾಣವನ್ನೇ ತಪ್ಪಿಸಿದ್ದೆ. ಬೀರುವಿನ ಕಬ್ಬಿಣ ಉಳಿದದ್ದನ್ನು ತಡೆಯುತ್ತಿತ್ತು. ಹುಡುಗ ತಂತಿ ಉದ್ದ ಮಾಡಿ, ರೂಟರನ್ನು ನಡುಮನೆಯ ಗೋಡೆಯ ಹಲಗೆಗೆ ತಂದು, ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿದ. ಎಲ್ಲ ಕೋಣೆಯ ಬಾಗಿಲೂ ನಡುಮನೆಗೇ ತೆರೆಯುವಂತೆ ಅಜ್ಜ ಕಟ್ಟಿಸಿದ್ದರಲ್ಲ, ಗೋಡೆಗಳ ಕಾಟ ಅರ್ಧ ತಪ್ಪಿತು. ಈಗ 5 ಗಿಗಾಹರ್ಟ್ಸಿನದೇ ಉಗ್ರಾಣದವರೆಗೂ ಬರುತ್ತಿದೆ. ಸಾರಿಗೂ ಸಾಫ್ಟ್‌ವೇರಿಗೂ ರಾಜಿಯಾಯಿತು.

"50ರ ಪ್ಲಾನಿಗೆ ನಾವು ಕೊಟ್ಟಿದ್ದ ಡಬ್ಬೀನೇ ಇಲ್ಲಿಟ್ಟಿದ್ರೂ ಸಾಕಿತ್ತು ಸಾರ್" ಎಂದು ಹುಡುಗ ಹೊರಡುವಾಗ ಹೇಳಿದ. ಹೆಂಡತಿ ಒಳಗಿಂದ, "ಏನಂದ್ರಿ? ಇನ್ನೊಂದ್ಸಲ ಹೇಳಿ, ಸರಿಯಾಗಿ ಕೇಳಿಸ್ಲಿಲ್ಲ" ಎಂದಳು. ಕೇಳಿಸಿತ್ತು.

ಮಾರನೆಯ ದಿನ ಮೀಟಿಂಗಿನಲ್ಲಿ ನನ್ನ ಸ್ವರಗಳೂ ಕೇಳಿಸತೊಡಗಿದವು. ಖುಷಿಯಾದ ಮ್ಯಾನೇಜರು ಕ್ಯಾಮೆರಾ ಹಾಕಲು ಹೇಳಿದರು. ಹಾಕಿದೆ. ಬೆನ್ನ ಹಿಂದೆ ಸಾಲಾಗಿ ನಿಂತಿದ್ದ ಅಮ್ಮನ ಉಪ್ಪಿನಕಾಯಿ ಭರಣಿಗಳು ಬೆಂಗಳೂರಿಗೂ ಪುಣೆಗೂ ಸ್ಫಟಿಕದಷ್ಟು ಸ್ಪಷ್ಟವಾಗಿ ಕಂಡವು. ಆ ದಿನ ನನ್ನ ವರದಿಯ ಬಗ್ಗೆ ಯಾರೊಬ್ಬರೂ ಪ್ರಶ್ನೆ ಕೇಳಲಿಲ್ಲ. ಅದು ಅಪ್ಪೆಮಿಡಿಯೋ, ಭರಣಿಗೆ ಎಷ್ಟಾಗುತ್ತದೆ, ಕೊರಿಯರಿನಲ್ಲಿ ಕಳಿಸುತ್ತೀರಾ ಎಂದು ಮಾತ್ರ ಕೇಳಿದರು. ಅಮ್ಮ ಈಗ ಸೋಮವಾರದ ಮೀಟಿಂಗಿಗೆ ನನಗಿಂತ ಮೊದಲೇ ಬಂದು ಕೂರುತ್ತಾಳೆ.