ಲೈನ್ ಕ್ಲಿಯರ್ ಮಾವ

ನಿವೃತ್ತಿಯಾದ ಮೇಲೆ ಕೆಲವರು ಭಜನಾ ಮಂಡಳಿಗೆ ಸೇರುತ್ತಾರೆ, ಕೆಲವರು ಲಾಲ್‌ಬಾಗಿನ ವಾಕಿಂಗ್ ಗುಂಪಿಗೆ. ಲೈನ್ ಕ್ಲಿಯರ್ ಮಾವ ಸೇರಿದ್ದು ನೈಋತ್ಯ ರೈಲ್ವೆಗೆ. ಸಂಬಳವಿಲ್ಲ, ಪಾಸ್ ಇಲ್ಲ, ಹುಬ್ಬಳ್ಳಿಯ ಪ್ರಧಾನ ಕಚೇರಿಗೆ ಈ ನೇಮಕಾತಿಯ ಸುದ್ದಿಯೂ ಇಲ್ಲ. ಸರ್ವಿಸಿನುದ್ದಕ್ಕೂ ಬ್ಯಾಂಕಿನಲ್ಲಿ ಚೆಕ್ ಕ್ಲಿಯರ್ ಮಾಡಿದ ಕೈ ಈಗ ಲೈನ್ ಕ್ಲಿಯರ್ ಮಾಡುತ್ತಿದೆ. ಬೆಂಗಳೂರಿನ ಯಾವ ದೊಡ್ಡ ಸಂಸಾರಕ್ಕೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಅಳಿಯ, ಸೊಸೆ, ಷಡ್ಡಕ, ಬೀಗರು, ಯಾರೇ ಊರಿಗೆ ಹೊರಟರೂ ಟಿಕೆಟ್ ತೆಗೆಯುವ ಮೊದಲು ಇವರ ಅಪ್ಪಣೆಯಾಗಬೇಕು.

ಗುರುತಿಸುವುದು ಸುಲಭ. ರೈಲಿಗೆ ಹೆಸರಿದೆ ಎಂಬುದನ್ನು ಮಾವ ಒಪ್ಪುವುದಿಲ್ಲ. “ರಾಣಿ ಚೆನ್ನಮ್ಮದಲ್ಲಿ ಹೋಗ್ತಿದೀನಿ ಮಾವ” ಎಂದರೆ “16589 ಅನ್ನು” ಎಂದು ತಿದ್ದುತ್ತಾರೆ. 2010ರ ಡಿಸೆಂಬರಿನಲ್ಲಿ ರೈಲಿನ ಸಂಖ್ಯೆಗಳೆಲ್ಲ ಐದಂಕಿಗೆ ಏರಿ, 2627 ಆಗಿದ್ದ ಕರ್ನಾಟಕ ಎಕ್ಸ್‌ಪ್ರೆಸ್ 12627 ಆಯಿತಲ್ಲ, ಆ ಪಟ್ಟಿಯನ್ನು ಅವರು ಮಗ್ಗಿಯ ಹಾಗೆ ಉರು ಹೊಡೆದರು. ಅತ್ತೆಯ ಮೊಬೈಲ್ ನಂಬರು ಕೇಳಿದರೆ ಮಾತ್ರ ಈಗಲೂ ಕನ್ನಡಕ ಹುಡುಕುತ್ತಾರೆ.

ರೈಲುಗಳು ಅದರದರ ಸ್ಟೇಷನ್ನಿನಿಂದ ಅದರದರ ಹೊತ್ತಿಗೆ ಹೊರಡುತ್ತಿದ್ದ ಕಾಲದಲ್ಲಿ ಈ ವಿದ್ಯೆಗೆ ಗಿರಾಕಿ ಇರಲಿಲ್ಲ. ಮಾವನ ಅದೃಷ್ಟದ ಬಾಗಿಲು ತೆರೆದದ್ದು ಸ್ಟೇಷನ್‌ಗಳ ಬಾಗಿಲು ಮುಚ್ಚತೊಡಗಿದ ಮೇಲೆ.

1864ರಲ್ಲಿ ಜೋಲಾರಪೇಟೆಯ ಕಡೆಯಿಂದ ಬೆಂಗಳೂರಿಗೆ ರೈಲು ಬಂದಾಗ ಅದು ನಿಂತದ್ದು ದಂಡಿನಲ್ಲಿ. ಅದೇ ಕಂಟೋನ್ಮೆಂಟ್ ಸ್ಟೇಷನ್ನಿನ ಮರುನಿರ್ಮಾಣಕ್ಕಾಗಿ 2024ರ ಸೆಪ್ಟೆಂಬರ್ 20ರಿಂದ ಪ್ಲಾಟ್‌ಫಾರಂ ಮುಚ್ಚಿ, 40ಕ್ಕೂ ಹೆಚ್ಚು ರೈಲುಗಳಿಗೆ 92 ದಿನ ಅಲ್ಲಿ ನಿಲುಗಡೆ ಇಲ್ಲ ಎಂದು ಪ್ರಕಟಣೆ ಹೊರಟಿತು. ವಸಂತನಗರದ ಬೀಗರು ಕೂಗಳತೆಯಲ್ಲೇ ಸ್ಟೇಷನ್ ಇಟ್ಟುಕೊಂಡು, ಆಟೊ ಮಾಡಿಕೊಂಡು ಮೆಜೆಸ್ಟಿಕ್‌ಗೆ ಹೋಗಿ ಚೆನ್ನೈ ರೈಲು ಹತ್ತಿದರು. ರೈಲು ಅವರನ್ನು ಮತ್ತೆ ಅವರ ಮನೆಯ ಹಿಂದಕ್ಕೇ ಕರೆದುಕೊಂಡು ಬಂದು, ನಿಲ್ಲದೆ ಮುಂದಕ್ಕೆ ಒಯ್ಯಿತು. ಬೀಗರಿಗೆ ಕಿರಿಕಿರಿ. ಮಾವನಿಗೆ ಮೊದಲ ಬಾರಿ ಬೀಗರಿಂದ ಫೋನು.

ಅಲ್ಲಿಂದ ಮುಂದೆ ಬಿಡುವೇ ಇಲ್ಲ. 2025ರ ಆಗಸ್ಟಿನಲ್ಲಿ ಸಿಟಿ ಸ್ಟೇಷನ್ನಿನ ಪಿಟ್‌ಲೈನ್ ಕೆಲಸ ಶುರುವಾಗಿ ಎರ್ನಾಕುಲಂ ಇಂಟರ್‌ಸಿಟಿ, ನಾಂದೇಡ್ ಎಕ್ಸ್‌ಪ್ರೆಸ್‌ಗಳನ್ನು ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲಿಗೆ ಕಳಿಸಿದರು. ಪಿಟ್‌ಲೈನ್ ಎಂದರೆ ಹಳಿಯ ಕೆಳಗಿನ ಉದ್ದನೆಯ ಹೊಂಡ. ಸಿಬ್ಬಂದಿ ಅದರೊಳಗೆ ಇಳಿದು ಬೋಗಿಯ ತಳ ಪರೀಕ್ಷಿಸುತ್ತಾರೆ. ಇದನ್ನು ಮಾವ ಕೇಳಿದವರಿಗೂ ಹೇಳಿದರು, ಕೇಳದವರಿಗೂ ಹೇಳಿದರು. ಮೊಮ್ಮಗುವಿನ ನಾಮಕರಣದಲ್ಲಂತೂ ತೊಟ್ಟಿಲ ಪಕ್ಕ ನಿಂತು ನಾನ್ ಇಂಟರ್‌ಲಾಕಿಂಗ್ ಬಗ್ಗೆ ಪಾಠವಾಯಿತು.

“ರೈಲನ್ನ ಬೇರೆ ಹಳಿಗೆ ತಿರುಗಿಸೋ ಪಾಯಿಂಟ್ ಸರಿಯಾಗಿ ಕೂತು ಲಾಕ್ ಆಗೋವರೆಗೂ ಸಿಗ್ನಲ್ ಹಸಿರಾಗಲ್ಲ. ಅದು ಇಂಟರ್‌ಲಾಕಿಂಗ್. ಯಾರ್ಡಿನಲ್ಲಿ ಹಳಿ ಬದಲಾಯಿಸಬೇಕಾದ್ರೆ ಆ ನಂಟು ಬಿಚ್ಚಬೇಕು. ಹೊಸದು ಜೋಡಿಸಿ ಪರೀಕ್ಷೆ ಮುಗಿಯೋವರೆಗೆ ಪಾಯಿಂಟಿಗೆ ಕೈಯಲ್ಲೇ ಕ್ಲಾಂಪ್ ಹಾಕಿ ಬೀಗ ಜಡೀತಾರೆ. ಅಂಥಾ ಹೊತ್ತಲ್ಲಿ ಎಲ್ಲಾ ರೈಲೂ ಬಿಡಿ ಅಂದ್ರೆ ಹೇಗೆ ಬಿಡ್ತಾರೆ?”

ಮಗುವಿನ ಹೆಸರು ಏನಿಟ್ಟರು ಎಂಬುದು ಅಲ್ಲಿದ್ದ ಅರ್ಧ ಜನಕ್ಕೆ ಕೇಳಿಸಲಿಲ್ಲ.

ಮಾವನ ರಾಜ್ಯದ ಗಡಿಯನ್ನು ರೈಲ್ವೆಯೇ ಹಾಕಿಕೊಟ್ಟಿದೆ. ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮುಂಚೆ. 2024ರ ನವೆಂಬರ್ 1ಕ್ಕೆ ಮೊದಲು ಅದು 120 ದಿನ ಇತ್ತು. ಅರ್ಧ ರಾಜ್ಯ ಹೋಯಿತೆಂಬ ಕೊರಗು ಅವರಿಗೆ ಇನ್ನೂ ಇದೆ. ಆದರೆ ಇಂಥ ದಿನ ಇಂಥ ಸ್ಟೇಷನ್ನಿನಲ್ಲಿ ಕಾಮಗಾರಿ ಎಂಬ ಪ್ರಕಟಣೆ ಎಷ್ಟೋ ಸಲ ಪತ್ರಿಕೆಯ ಒಳಪುಟದಲ್ಲಿ ಕಾಣಿಸುವುದು ಪ್ರಯಾಣಕ್ಕೆ ವಾರವಿದ್ದಾಗ. ಟಿಕೆಟ್ ಕೈಗೆ ಬಂದ ದಿನದಿಂದ ಪ್ರಕಟಣೆ ಬರುವ ದಿನದವರೆಗೆ ಉಳಿದವರು ನೆಮ್ಮದಿಯಾಗಿರುತ್ತಾರೆ, ಮಾವ ಕಾವಲಿರುತ್ತಾರೆ. ಬೆಳಿಗ್ಗೆ ಕಾಫಿಗೆ ಮೊದಲು ಒಳಪುಟ, ಕಾಫಿಯ ಜೊತೆ ರೈಲ್ವೆಯ ಎನ್‌ಟಿಇಎಸ್ ಆ್ಯಪ್, ಕಾಫಿ ಮುಗಿದ ಮೇಲೆ ರೈಲ್ವೆ ವಿಚಾರಣೆಯ 139ಕ್ಕೆ ಫೋನು. ಮೂರೂ ಒಂದೇ ಮಾತು ಹೇಳಿದರೆ ಅವರಿಗೆ ಅನುಮಾನ ಶುರುವಾಗುತ್ತದೆ.

ಪ್ರಕಟಣೆಯ ಭಾಷೆಗೆ ತಕ್ಕಂತೆ ಮನೆಯಲ್ಲಿ ಅಡುಗೆಯೂ ಬದಲಾಗುತ್ತದೆ. ‘ಮಾರ್ಗಮಧ್ಯದಲ್ಲಿ 30 ನಿಮಿಷ ನಿಯಂತ್ರಣ’ ಎಂದಿದ್ದರೆ ಅತ್ತೆ ಒಂದು ಡಬ್ಬಿ ಪುಳಿಯೋಗರೆ ಹೆಚ್ಚಿಗೆ ಕಟ್ಟಬೇಕು. ‘ಮಾರ್ಗ ಬದಲಾವಣೆ’ ಎಂದಿದ್ದರೆ ಎರಡು ಹೊತ್ತಿಗಾಗುವಷ್ಟು ಚಪಾತಿ. ‘ಭಾಗಶಃ ರದ್ದು’ ಎಂದಿದ್ದರೆ ಅತ್ತೆ ಒಲೆ ಹಚ್ಚುವುದೇ ಇಲ್ಲ. “ಮೊದಲು ಎಲ್ಲಿಂದ ಹೊರಡತ್ತೆ ಅಂತ ಗೊತ್ತಾಗಲಿ, ಆಮೇಲೆ ಅವಲಕ್ಕಿ ನೆನೆಸ್ತೀನಿ” ಎನ್ನುತ್ತಾರೆ.

ಎಲ್ಲಿಂದ ಹೊರಡುತ್ತದೆ ಎಂಬುದೇ ಬೆಂಗಳೂರಿನ ದೊಡ್ಡ ಪ್ರಶ್ನೆ. ಸಿಟಿ, ದಂಡು, ಯಶವಂತಪುರ, ಬೈಯಪ್ಪನಹಳ್ಳಿ. ಒಂದರಲ್ಲಿ ಕೆಲಸ ಶುರುವಾದರೆ ಅಲ್ಲಿಯ ರೈಲುಗಳು ಇನ್ನೊಂದಕ್ಕೆ. ಯಶವಂತಪುರಕ್ಕೆ ಹಸಿರು ಮಾರ್ಗದ ಮೆಟ್ರೊ, ಸಿಟಿ ಸ್ಟೇಷನ್ನಿಗೆ ಮೆಜೆಸ್ಟಿಕ್ ಮೆಟ್ರೊ ಉಂಟು. 2022ರ ಜೂನಿನಲ್ಲಿ ಶುರುವಾದ ಬೈಯಪ್ಪನಹಳ್ಳಿ ಟರ್ಮಿನಲ್ಲಿನಲ್ಲಿ ಏಳು ಪ್ಲಾಟ್‌ಫಾರಂ, ಹವಾನಿಯಂತ್ರಿತ ಹಾಲ್ ಎಲ್ಲ ಇದೆ. ಬೈಯಪ್ಪನಹಳ್ಳಿ ಎಂಬ ಹೆಸರಿನ ಮೆಟ್ರೊ ಸ್ಟೇಷನ್ನೂ ಇದೆ, ಆದರೆ ಒಂದರಲ್ಲಿ ಇಳಿದು ಇನ್ನೊಂದಕ್ಕೆ ಹೋಗಲು ಮತ್ತೆ ಆಟೊ ಬೇಕು. ಮಾವನ ಡೈರಿಯಲ್ಲಿ ಆ ಆಟೊದ ಬಾಡಿಗೆಗೆ ಪೆನ್ಸಿಲಿನಲ್ಲಿ ಬರೆಯುವ ಕಾಲಂ ಇದೆ, ದಿನಕ್ಕೊಂದು ರೇಟು ಇರುವುದರಿಂದ.

ತಂಗಿಯ ಮಗಳು ಎರ್ನಾಕುಲಂಗೆ ಕೆಲಸದ ಮೇಲೆ ಹೊರಟಾಗ ಈ ಡೈರಿ ಪೂರ್ತಿ ಬಳಕೆಗೆ ಬಂತು. ಇಂಟರ್‌ಸಿಟಿ ಬೆಳಗಿನ ಜಾವದ ರೈಲು. ರಾಜಾಜಿನಗರದಿಂದ ಮೊದಲ ಮೆಟ್ರೊ ಹಿಡಿದು, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಹೋಗುವಷ್ಟು ಹೊತ್ತು ಕೈಯಲ್ಲಿ ಉಳಿಯುವುದಿಲ್ಲ. ಮುಂದಿನ ಯಾವುದಾದರೂ ಸ್ಟೇಷನ್ನಿಗೆ ಬೋರ್ಡಿಂಗ್ ಬದಲಾಯಿಸಿದರೆ?

“ಬದಲಾಯಿಸಬಹುದು. ಆದರೆ ಒಂದ್ಸಲ ಬದಲಾಯಿಸಿದ್ರೆ ಹಿಂದಿನ ಸ್ಟೇಷನ್ನಿನಲ್ಲಿ ಹತ್ತೋ ಹಕ್ಕು ಹೋಯ್ತು. ಯೋಚನೆ ಮಾಡು ಪುಟ್ಟಿ.”

“ಮಾವ, ನಾನು ಕ್ಯಾಬ್ ಮಾಡ್ಕೊಂಡು ಹೋಗ್ತೀನಿ.”

ಮಾವ ಇದನ್ನು ಕೇಳಿಸಿಕೊಳ್ಳಲಿಲ್ಲ. ಹಿಂದಿನ ರಾತ್ರಿಯೇ ಅವಳು ಇಂದಿರಾನಗರದ ಚಿಕ್ಕಮ್ಮನ ಮನೆಗೆ ಹೋಗಿ ಮಲಗುವುದೆಂದು ತೀರ್ಮಾನವಾಯಿತು. ಚಿಕ್ಕಮ್ಮನಿಗೆ ಅದನ್ನು ತಿಳಿಸಿದ್ದು ತೀರ್ಮಾನವಾದ ಮೇಲೆ.

ಹಣದ ವಿಷಯದಲ್ಲಿ ಮಾತ್ರ ಮಾವನನ್ನು ಯಾರೂ ಅಲ್ಲಗಳೆಯುವಂತಿಲ್ಲ. ರೈಲು ರದ್ದಾಗಬಹುದೆಂಬ ಗಾಳಿಸುದ್ದಿ ಕೇಳಿ ಅವಸರದಲ್ಲಿ ತಾವೇ ಟಿಕೆಟ್ ಕ್ಯಾನ್ಸಲ್ ಮಾಡಿಕೊಂಡ ಷಡ್ಡಕರ ದುಡ್ಡು ಕಡಿತವಾಯಿತು. ಎರಡು ದಿನ ಸುಮ್ಮನಿದ್ದು ರೈಲ್ವೆಯೇ ರದ್ದು ಮಾಡುವವರೆಗೆ ಕಾದ ಎದುರುಮನೆಯವರಿಗೆ ಇ–ಟಿಕೆಟ್ಟಿನ ದುಡ್ಡು ಪೂರ್ತಿ, ತಾನಾಗಿಯೇ, ಖಾತೆಗೆ ಬಂತು. ರೈಲು ಬೇರೆ ದಾರಿ ಹಿಡಿದು ನಮ್ಮ ಸ್ಟೇಷನ್ನಿಗೆ ಬರದಿದ್ದರೆ ಟಿಡಿಆರ್, ಅಂದರೆ ದುಡ್ಡು ವಾಪಸ್ ಕೇಳುವ ಅರ್ಜಿ, ಹಾಕಬೇಕು. ಮೂರು ಗಂಟೆಗಿಂತ ತಡವಾಗಿ ನಾವು ಹತ್ತದಿದ್ದರೂ ಹಾಕಬಹುದು, ಆದರೆ ರೈಲು ಹೊರಡುವ ಮೊದಲೇ. ಈ ನಿಯಮಗಳನ್ನು ಮಾವ ಫ್ಯಾಮಿಲಿ ಗ್ರೂಪಿಗೆ ವಾರಕ್ಕೊಮ್ಮೆ ಹಾಕುತ್ತಾರೆ. ಸಾಮಾನ್ಯವಾಗಿ ಯಾರದಾದರೂ ಹುಟ್ಟುಹಬ್ಬದ ಶುಭಾಶಯಗಳ ನಡುವೆ.

ಅವರ ಅಧಿಕಾರ ವ್ಯಾಪ್ತಿ ರಾಜ್ಯದ ಗಡಿಯಲ್ಲಿ ನಿಲ್ಲುವುದಿಲ್ಲ. ಮುಂಬೈ ಬಳಿಯ ಡೊಂಬಿವಲಿಯಲ್ಲಿರುವ ಅಣ್ಣನ ಮಗ ಭಾನುವಾರದ ಮೆಗಾ ಬ್ಲಾಕ್ ನೋಡಿಕೊಂಡೇ ಬೆಳೆದವನು. ಆದರೂ 2024ರ ಮೇ ಕೊನೆಯಲ್ಲಿ ಠಾಣೆಯಲ್ಲಿ ಪ್ಲಾಟ್‌ಫಾರಂ ಅಗಲ ಮಾಡಲು 63 ಗಂಟೆ, ಸಿಎಸ್‌ಎಂಟಿಯಲ್ಲಿ 24 ಬೋಗಿಯ ರೈಲಿಗೆ ಪ್ಲಾಟ್‌ಫಾರಂ ಉದ್ದ ಮಾಡಲು 36 ಗಂಟೆ ಬ್ಲಾಕ್ ಬಿದ್ದಾಗ ಅವನಿಗೆ ಸುದ್ದಿ ಮುಟ್ಟಿಸಿದ್ದು ರಾಜಾಜಿನಗರದ ಮಾವನ ಮನೆ. “900ಕ್ಕೂ ಹೆಚ್ಚು ಲೋಕಲ್ ರದ್ದು, ಮನೇಲೇ ಇರು” ಎಂದರು ಮಾವ. “ನಮ್ಮ ಆಫೀಸಿನವರೇ ಮನೇಲಿರಿ ಅಂದಿದಾರೆ ಕಾಕಾ” ಎಂದ ಅವನು. ಆಫೀಸಿನವರಿಗೆ ಯಾರು ಹೇಳಿರಬಹುದೆಂದು ಮಾವ ಸ್ವಲ್ಪ ಹೊತ್ತು ಯೋಚಿಸಿದರು.

ಅವರ ಮನಸ್ಸಿಗೆ ಗಾಯವಾಗುವುದು ಬಸ್ಸಿನಿಂದ. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ 55 ಕಿಲೋಮೀಟರ್ ಘಾಟಿಯಲ್ಲಿ ವಿದ್ಯುದೀಕರಣಕ್ಕಾಗಿ 2025ರ ಜೂನ್ 1ರಿಂದ ನವೆಂಬರ್ 1ರವರೆಗೆ, ಅಂದರೆ 154 ದಿನ, ಮಂಗಳೂರಿನ ಹಗಲು ರೈಲುಗಳಿಲ್ಲ ಎಂದಾಯಿತು. ರಾತ್ರಿ ರೈಲಿನಲ್ಲಿ ಸೀಟು ಹೊಂದಿಸಲು ಮಾವ ಬೆಳಿಗ್ಗೆ 11ರ ತತ್ಕಾಲ್‌ಗೆ 10.45ರಿಂದ ಮೊಬೈಲ್ ಹಿಡಿದು ಕೂತಿದ್ದರೆ, ಸೊಸೆ ಪಕ್ಕದ ಕೋಣೆಯಲ್ಲಿ ಐರಾವತ ಬುಕ್ ಮಾಡಿ ಮುಗಿಸಿದ್ದಳು. ಮಾವ ಅವಳನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋಗಲಿಲ್ಲ. ಮೊಣಕಾಲು ನೋವೆಂದರು. ಮಾರನೆಯ ದಿನ ಹುಬ್ಬಳ್ಳಿಗೆ ಹೋಗಿ 1,507 ಮೀಟರಿನ ಪ್ಲಾಟ್‌ಫಾರಂ ಉದ್ದಕ್ಕೂ ನಡೆದು ಬಂದರು.

ಈಚೆಗೆ ಮಗಳ ಮದುವೆಗೆ ಮುಹೂರ್ತ ಇಡುವಾಗ ಇಬ್ಬರು ಪಂಡಿತರು ಎದುರುಬದುರು ಕೂತರು. ಶಾಸ್ತ್ರಿಗಳ ಮುಂದೆ ಪಂಚಾಂಗ, ಮಾವನ ಮುಂದೆ ಡೈರಿ.

“ಭಾನುವಾರ ಗುರುಬಲ ಚೆನ್ನಾಗಿದೆ ರಾಯರೇ.”

“ಗುರುಬಲ ಇದೆ ಶಾಸ್ತ್ರಿಗಳೇ, ಆದರೆ ಯಶವಂತಪುರದಲ್ಲಿ ಬ್ಲಾಕ್ ಇದೆ. ಧಾರವಾಡದ ಬೀಗರು ತುಮಕೂರಲ್ಲೇ ಇಳೀಬೇಕಾಗತ್ತೆ.”

“ಹಾಗಾದರೆ ಬುಧವಾರ, 9.20ರಿಂದ 10.05.”

“ಹತ್ತೂ ಐದರೊಳಗೆ ಮುಗಿಸಿದ್ರೆ ವಾಪಸ್ ಹೋಗೋರಿಗೂ ಅನುಕೂಲ.” ಹೆಣ್ಣಿನ ಕಡೆ, ಗಂಡಿನ ಕಡೆ, ಗ್ರಹಗಳ ಕಡೆ ಎಲ್ಲರೂ ಒಪ್ಪಿದರು.

ಮದುವೆಯಾಗಿ ತಿಂಗಳಿಗೆ ಶಾಸ್ತ್ರಿಗಳದೇ ಫೋನು ಬಂತು. ದನಿ ತಗ್ಗಿಸಿ ಕೇಳಿದರು: “ರಾಯರೇ, ಕಾಶಿಗೆ ಹೊರಡಬೇಕು ಅಂತಿದೀವಿ. ಯಾವತ್ತು ಲೈನು ಸುಗಮವಾಗಿದೆ?”

ಮಾವ ಡೈರಿ ತಿರುವಿದರು. “ಮಂಗಳವಾರ ಹೊರಡಿ.”

“ಮಂಗಳವಾರ ಉತ್ತರಕ್ಕೆ ವಾರಶೂಲೆ ಅಲ್ಲವೇ?”

“ಶೂಲೆ ತಗಲಲ್ಲ ಶಾಸ್ತ್ರಿಗಳೇ. ಡೈವರ್ಷನ್ ಹಾಕಿದಾರೆ, ಜೋಲಾರಪೇಟೆವರೆಗೆ ಗಾಡಿ ಪೂರ್ವಕ್ಕೇ ಹೋಗತ್ತೆ. ಉತ್ತರಕ್ಕೆ ತಿರುಗೋ ಹೊತ್ತಿಗೆ ಬುಧವಾರ ಬಂದಿರತ್ತೆ.”

“ಬುಧವಾರವೂ ಉತ್ತರಕ್ಕೆ ಶೂಲೆಯೇ ರಾಯರೇ.”

“ಇರಿ” ಎಂದರು ಮಾವ, ಪುಟ ಮಗುಚುತ್ತ, “ಅದು ಎಷ್ಟು ಲೇಟಾಗತ್ತೆ ಅಂತ ನೋಡ್ತೀನಿ.”